ಸಜ್ಜೆ ರೊಟ್ಟಿ ಮತ್ತು ಒಂಬತ್ತು ಉಗುರು

ಎಳ್ಳಮಾಸಿಯ ಹಿಂದಿನ ಸಂಜೆ ಸಜ್ಜೆ ರೊಟ್ಟಿ ಬಡಿದು ಮುಗಿಸಿ ಕೈ ತೊಳೆಯುವಾಗ ನೋಡಿದೆ, ಉಗುರು ಒಂಬತ್ತೇ ಇದ್ದವು.

ಗಾಬರಿ ಬೇಡ, ನನ್ನ ಸ್ವಂತ ಉಗುರಲ್ಲ. ಎರಡು ದಿನ ಮೊದಲು ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ ಅಂತ ಅಂಟಿಸಿಕೊಂಡಿದ್ದ ಪ್ಲಾಸ್ಟಿಕ್ ಉಗುರು. ಕಡುಗೆಂಪು ಬಣ್ಣ, ತುದಿಯಲ್ಲಿ ಸಣ್ಣ ಬಂಗಾರದ ಗೆರೆ. ಬಲಗೈ ಉಂಗುರದ ಬೆರಳಿನದು ಮಾಯವಾಗಿತ್ತು. ಪರಾತ ನೋಡಿದೆ, ಹಿಟ್ಟಿನ ಡಬ್ಬಿ ನೋಡಿದೆ, ಮೋರಿ ಬಾಯಿಗೆ ಬ್ಯಾಟರಿ ಹಾಕಿ ನೋಡಿದೆ. ಬುಟ್ಟಿಯಲ್ಲಿದ್ದ ನಲವತ್ತು ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದೆ. ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಬೇರೆ ಹಚ್ಚಿರುತ್ತೇವೆ, ಆ ಕಪ್ಪು ಬಿಳುಪಿನ ನಡುವೆ ಕೆಂಪು ಕಾಣಬೇಕಿತ್ತು. ಕಾಣಲಿಲ್ಲ.

ಅತ್ತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ಏನ್ ಹುಡುಕ್ಲತ್ತಿಯವ್ವಾ?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಅವರು ಒಲೆಯ ಮೇಲೆ ಕುದಿಯುತ್ತಿದ್ದ ಭಜ್ಜಿ ಪಾತ್ರೆಯ ಕಡೆ ನೋಡಿದರು. ಹಸಿ ಕಡಲೆ, ತೊಗರಿ ಕಾಳು, ಅವರೆ, ಮೆಂತ್ಯ, ಗಜ್ಜರಿ, ಸಿಕ್ಕಿದ್ದೆಲ್ಲ ಬೀಳುವ ಪಲ್ಯ ಅದು. "ಭಜ್ಜ್ಯಾಗ ಎಲ್ಲಾನೂ ಇರಬೇಕಂತಾರ. ಉಗುರ್ ಒಂದ್ ಬಾಕಿ ಇತ್ತು ನೋಡು" ಅಂದು ಒಳಗೆ ಹೋದರು.

ಮರುದಿನ ಹೊಲದಲ್ಲಿ ಚರಗ ಅಂತ ಎಡೆ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಾನೊಬ್ಬಳೇ ತಿನ್ನುವವರ ಬಾಯಿ ನೋಡುತ್ತಾ ಕೂತಿದ್ದೆ. ಯಾರಿಗೂ ಏನೂ ಸಿಗಲಿಲ್ಲ. ಸಿಕ್ಕಿದ್ದರೂ ಹೇಳಲಿಲ್ಲವೋ ಏನೋ.

ಇಷ್ಟೆಲ್ಲ ಆದ ಮೇಲೂ ಉಗುರಿನ ಹುಚ್ಚು ಬಿಟ್ಟಿಲ್ಲ. ಯಾಕೆ ಅಂತ ನಾನೇ ಯೋಚನೆ ಮಾಡಿದ್ದೇನೆ. ಕುಂಕುಮ, ಕಾಡಿಗೆ, ಮೂಗುತಿ ಇವೆಲ್ಲ ಹಾಕಿಕೊಂಡವರಿಗೆ ಕಾಣುವುದಿಲ್ಲ, ಕನ್ನಡಿ ಮುಂದೆ ನಿಂತಾಗ ಮಾತ್ರ. ಉಗುರು ಹಾಗಲ್ಲ. ದಿನಕ್ಕೆ ಎಂಟು ಗಂಟೆ ಕೀಬೋರ್ಡ್ ಮೇಲೆ ನನ್ನದೇ ಕೈ ನನ್ನ ಕಣ್ಣ ಮುಂದೆ ಓಡಾಡುತ್ತಿರುತ್ತದೆ. ಅದಕ್ಕೊಂದು ಬಣ್ಣ ಇದ್ದರೆ ಮಧ್ಯಾಹ್ನ ಮೂರು ಗಂಟೆಯ ತೂಕಡಿಕೆಯಲ್ಲೂ ಸ್ವಲ್ಪ ಖುಷಿ. ಬೇರೆಯವರು ನೋಡಲಿ ಬಿಡಲಿ.

ಆದರೆ ಅದೇ ಕೈ ಬೆಳಗ್ಗೆ ಆರಕ್ಕೆ ಕುದಿ ನೀರು ಹಾಕಿದ ಜೋಳದ ಹಿಟ್ಟು ನಾದುತ್ತದೆ, ರೊಟ್ಟಿ ಬಡಿಯುತ್ತದೆ, ಕಾದ ತವಾದ ಮೇಲಿನ ರೊಟ್ಟಿಯನ್ನು ಬೆರಳ ತುದಿಯಿಂದಲೇ ತಿರುವಿ ಹಾಕುತ್ತದೆ. ಆಮೇಲೆ ಸವಳು ನೀರಿನಲ್ಲಿ ಪಾತ್ರೆ. ಇಂಟರ್‌ನೆಟ್‌ನಲ್ಲಿ ಉಗುರಿನ ಬಗ್ಗೆ ಹೇಳಿಕೊಡುವ ಯಾರೂ ರೊಟ್ಟಿ ಬಡಿಯುವುದಿಲ್ಲ. ಎರಡು ವಾರ ಹಾಗೇ ಇರುತ್ತೆ ಅಂತಾರೆ. ಯಾರ ಕೈಯಲ್ಲಿ? ಹಾಗಾಗಿ ಐದಾರು ವರ್ಷದಲ್ಲಿ ನಾನೇ ಎಲ್ಲವನ್ನೂ ಒಂದೊಂದಾಗಿ ಪ್ರಯೋಗ ಮಾಡಿ, ದುಡ್ಡು ಹಾಳು ಮಾಡಿ, ಒಮ್ಮೆ ಚರ್ಮದ ಡಾಕ್ಟರ ಹತ್ತಿರವೂ ಹೋಗಿ ಬಂದು ಕಲಿತಿದ್ದನ್ನು ಬರೆಯುತ್ತಿದ್ದೇನೆ.

ಮೊದಲ ಬಾಟಲಿ ನಮ್ಮ ಕಲಬುರಗಿಯ ಶರಣಬಸವೇಶ್ವರ ಅಪ್ಪನ ಜಾತ್ರೆಯಲ್ಲಿ ಕೊಂಡದ್ದು. ಹೋಳಿ ಮುಗಿದ ಮೇಲೆ ಆ ಜಾತ್ರೆ ಬಂತು ಅಂದರೆ ಬಳೆ ಅಂಗಡಿಗಳ ಸಾಲು. ಹೆಬ್ಬೆರಳಿನಷ್ಟು ಬಾಟಲಿ, ಹತ್ತು ರೂಪಾಯಿ, ಹೆಸರಿಲ್ಲ, ಗುಲಾಬಿ ಬಣ್ಣ. ವಾಸನೆಗೆ ತಲೆ ತಿರುಗುತ್ತಿತ್ತು, ಆ ವಾಸನೆಯೇ ನಮಗೆ ಇಷ್ಟ. ಅವ್ವ ಬೈಯುತ್ತಾಳೆ ಅಂತ ಕಾಲಿನ ಉಗುರಿಗೆ ಮಾತ್ರ ಹಚ್ಚಿಕೊಳ್ಳುತ್ತಿದ್ದೆವು. ಲ್ಯಾಕ್ಮೆ ಬಾಟಲಿ ಇದ್ದದ್ದು ಚಿಕ್ಕಮ್ಮನ ಹತ್ತಿರ ಮಾತ್ರ, ಅದು ಅಲ್ಮೇರಾದೊಳಗೆ. 1952ರಲ್ಲಿ ಟಾಟಾದವರು ಶುರು ಮಾಡಿದ ಕಂಪನಿ ಅದು, ಹೆಸರು ಫ್ರೆಂಚ್ ಕೇಳಿಸಿದರೂ ಮೂಲ ನಮ್ಮ ಲಕ್ಷ್ಮಿಯೇ ಅಂತ ಗೊತ್ತಾದದ್ದು ಬಹಳ ತಡವಾಗಿ.

ಮನೆಯಲ್ಲಿ ಕೂತು ಸರಿಯಾಗಿ ಹಚ್ಚಲು ಕಲಿತದ್ದು 2020ರಲ್ಲಿ. ಆ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು, ನೆನಪಿದೆಯಲ್ವಾ? ಊರು ಎಲ್ಲರಿಗಿಂತ ಮೊದಲೇ ಬಾಗಿಲು ಹಾಕಿಕೊಂಡಿತು. ಭಯಕ್ಕೆ ಕೈ ಸುಮ್ನೆ ಇರಲಿಲ್ಲ. ಡ್ರಾಯರ್‌ನಲ್ಲಿದ್ದ ಹಳೇ ನೇಲ್ ಪಾಲಿಶ್‌ಗಳನ್ನೆಲ್ಲ ತೆಗೆದು ಹಚ್ಚುವುದು, ಅಳಿಸುವುದು, ಮತ್ತೆ ಹಚ್ಚುವುದು. ಆಮೇಲೆ ಮನೆಗೆ ಬೆರಳಿಗೆ ಕಚ್ಚಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಬಂತು. ನನ್ನ ಬೆರಳಿಗೆ ಹಾಕಿದರೆ ಒಮ್ಮೆ 91, ಒಮ್ಮೆ ಏನೂ ತೋರಿಸದು. ಮನೆಯವರ ಮುಖ ಬಿಳಿಚಿಕೊಂಡಿತು. ಕಾರಣ ನೋಡಿದರೆ ನಾನು ಹಚ್ಚಿದ್ದ ಕಡುನೀಲಿ ಬಣ್ಣ. ಆ ಯಂತ್ರ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಲೆಕ್ಕ ಹಾಕುತ್ತದೆ, ಗಾಢ ಬಣ್ಣ ಅದಕ್ಕೆ ಅಡ್ಡ ಬರುತ್ತದೆ. ಆಪರೇಷನ್‌ಗೆ ಹೋಗುವವರಿಗೆ ನೇಲ್ ಪಾಲಿಶ್ ಅಳಿಸಿ ಬನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ. ಅಳಿಸಿ ಹಾಕಿದೆ, 98 ಬಂತು. ಅವತ್ತು ರಾತ್ರಿ ಎಲ್ಲರೂ ನಕ್ಕೆವು, ಆ ದಿನಗಳಲ್ಲಿ ನಗು ಅಪರೂಪ.

ಸಾದಾ ನೇಲ್ ಪಾಲಿಶ್ ಹೇಗೆ ಒಣಗುತ್ತದೆ ಅಂತ ತಿಳಿದುಕೊಂಡ ಮೇಲೆ ನನ್ನ ಅರ್ಧ ತಪ್ಪು ಸರಿಹೋಯಿತು. ಅದರಲ್ಲಿ ಮುಖ್ಯವಾಗಿ ಇರುವುದು ನೈಟ್ರೋಸೆಲ್ಯುಲೋಸ್. ಹತ್ತಿ ಅಥವಾ ಮರದ ನಾರನ್ನು ಆಮ್ಲದಲ್ಲಿ ಪಳಗಿಸಿ ಮಾಡಿದ ವಸ್ತು. ಹಿಂದೆ ಕಾರುಗಳಿಗೆ ಬಳಿಯುತ್ತಿದ್ದ ಹೊಳಪಿನ ಬಣ್ಣದ್ದೂ ಇದೇ ಜಾತಿ. ನಮ್ಮ ಊರಿನ ಎಂಎಸ್‌ಕೆ ಹತ್ತಿ ಮಿಲ್ ಹೆಸರು ಕೇಳುತ್ತಾ ಬೆಳೆದವಳಿಗೆ ಉಗುರುಬಣ್ಣದಲ್ಲೂ ಹತ್ತಿ ಇದೆ ಅಂತ ಗೊತ್ತಾದಾಗ ಯಾಕೋ ಖುಷಿಯಾಯಿತು. ಇದನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಅನ್ನುವ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಹಚ್ಚಿದಾಗ ದ್ರಾವಕ ಗಾಳಿಗೆ ಹಾರಿಹೋಗುತ್ತದೆ, ಪೊರೆ ಉಳಿಯುತ್ತದೆ. ಒಣಗುವುದು ಅಂದರೆ ಇಷ್ಟೇ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗಿನ ದ್ರಾವಕ ಸಿಕ್ಕಿಹಾಕಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಒಣಗಿತು ಅಂತ ಮಲಗಿದರೆ ಬೆಳಗ್ಗೆ ಚಾದರದ ನೇಯ್ಗೆ ಉಗುರಿನ ಮೇಲೆ ಮೂಡಿರುತ್ತದೆ. ನನಗೆ ಎಷ್ಟು ಸಲ ಆಗಿದೆಯೋ. ತೆಳ್ಳಗೆ ಎರಡು ಪದರ, ನಡುವೆ ಐದು ನಿಮಿಷ, ಕೊನೆಗೆ ಉಗುರಿನ ತುದಿಯ ಅಂಚಿಗೂ ಒಂದು ಸಲ ಕುಂಚ ಎಳೆಯಬೇಕು. ಬಣ್ಣ ಕಿತ್ತು ಬರುವುದು ಆ ಅಂಚಿನಿಂದಲೇ.

ನಮ್ಮ ಊರಿನ ಬೇಸಿಗೆಗೆ ಬೇರೆ ಲೆಕ್ಕ. ಮೇ ತಿಂಗಳಲ್ಲಿ 42, 43 ಡಿಗ್ರಿ. ಫ್ಯಾನ್ ಕೆಳಗೆ ಕೂತು ಹಚ್ಚಿದರೆ ಕುಂಚ ಎಳೆಯುವಷ್ಟರಲ್ಲೇ ಎಳೆ ಎಳೆಯಾಗುತ್ತದೆ, ಗುಳ್ಳೆ ಏಳುತ್ತದೆ. ಬಾಟಲಿ ಗಟ್ಟಿಯಾಯಿತು ಅಂತ ರಿಮೂವರ್ ಸುರಿಯಬೇಡಿ. ಅವತ್ತಿಗೆ ನೀರಾಗುತ್ತದೆ, ಆಮೇಲೆ ಕೆಟ್ಟುಹೋಗುತ್ತದೆ. ನೇಲ್ ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ, ಎರಡು ಹನಿ ಸಾಕು. ಇನ್ನೊಂದು ವಿಷಯ, ಪಾಲಿಶ್ ಮತ್ತು ರಿಮೂವರ್ ಎರಡೂ ಬೇಗ ಬೆಂಕಿ ಹತ್ತುವಂಥವು. ಗ್ಯಾಸ್ ಕಟ್ಟೆಯ ಮೇಲೆ ಬಾಟಲಿ ತೆರೆದಿಟ್ಟು ಹಾಲು ಕಾಯಿಸುತ್ತಾ ಹಚ್ಚಿಕೊಳ್ಳುವ ನನ್ನ ನೆಗೆಣ್ಣಿಯಂಥವರಿಗೆ ಈ ಮಾತು.

ನೀರಿನ ಜಗಳ ಎಲ್ಲಕ್ಕಿಂತ ದೊಡ್ಡದು. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಬಣ್ಣದ ಪೊರೆ ಹಾಗೆ ಹಿಗ್ಗಿ ಕುಗ್ಗಲಾರದು, ಸೀಳುತ್ತದೆ. ಸ್ನಾನ ಆದ ಕೂಡಲೇ ಉಗುರು ಮೆತ್ತಗಿರುತ್ತೆ ಅಂತ ಹಚ್ಚುತ್ತಿದ್ದೆನಲ್ಲ, ಅದೇ ತಪ್ಪು. ಈಗ ರಾತ್ರಿ ಪಾತ್ರೆ ಎಲ್ಲ ಮುಗಿದು ಒಂದೆರಡು ತಾಸು ಕಳೆದ ಮೇಲೆ ಹಚ್ಚುತ್ತೇನೆ. ಅಷ್ಟಾದರೂ ಕೈಯ ಬಣ್ಣ ನನಗೆ ಮೂರು ದಿನ, ನಾಲ್ಕನೇ ದಿನ ಬಲಗೈ ತೋರುಬೆರಳು ಶುರು. ಕಾಲಿನದು ತಿಂಗಳು ಇರುತ್ತದೆ. ಕಾಲು ರೊಟ್ಟಿ ಬಡಿಯುವುದಿಲ್ಲವಲ್ಲ.

ಹೀಗಾಗಿ ಜೆಲ್ ಪಾಲಿಶ್ ಕಡೆ ಆಸೆ ಹೋಯಿತು. ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದೆ. ಆರು ಬಾಟಲಿ, ಒಂದು ಲ್ಯಾಂಪ್, ಏನೇನೋ ಕಡ್ಡಿಗಳು. ಜೆಲ್ ಗಾಳಿಗೆ ಒಣಗುವುದಿಲ್ಲ. ಅದರಲ್ಲಿ ಇರುವ ಸಣ್ಣ ಸಣ್ಣ ಅಣುಗಳು ಲ್ಯಾಂಪಿನ ಬೆಳಕು ಬಿದ್ದಾಗ ಒಂದಕ್ಕೊಂದು ಕೈ ಹಿಡಿದು ಗಟ್ಟಿ ಜಾಲ ಆಗುತ್ತವೆ. ಅರವತ್ತು ಸೆಕೆಂಡ್ ಸಾಕು. ಅದ್ಭುತ ಅನ್ನಿಸಿತು. ಎರಡನೇ ಕೈ ಲ್ಯಾಂಪಿನೊಳಗೆ ಇಟ್ಟು ಇಪ್ಪತ್ತು ಸೆಕೆಂಡ್ ಆಗಿತ್ತು, ಕರೆಂಟ್ ಹೋಯಿತು. ಅರ್ಧ ಗಟ್ಟಿ, ಅರ್ಧ ಅಂಟು. ಐದು ಬೆರಳು ಅಗಲಿಸಿಕೊಂಡು, ಸೆಕೆ, ಸೊಳ್ಳೆ, ಮುಕ್ಕಾಲು ತಾಸು ಕತ್ತಲಲ್ಲಿ ಕೂತಿದ್ದೆ. ಮಗಳು ಮೊಬೈಲ್ ಬೆಳಕು ಹಿಡಿದು, "ಮಮ್ಮಿ, ಇದರಿಂದ ಆಗಲ್ಲೇನು?" ಅಂದಳು. ಆಗುವುದಿಲ್ಲ. ಅದಕ್ಕೆ ಬೇಕಾದ ಬೆಳಕೇ ಬೇರೆ.

ಆದರೂ ಜೆಲ್ ಚೆನ್ನಾಗಿ ನಿಂತಿತು, ಹತ್ತು ದಿನ ರೊಟ್ಟಿ ಬಡಿದರೂ ಅಲುಗಲಿಲ್ಲ. ಮೂರನೇ ಸಲ ಹಚ್ಚಿದಾಗ ಉಗುರಿನ ಸುತ್ತ ತುರಿಕೆ. ನಾಲ್ಕನೇ ಸಲ ಬೆರಳ ತುದಿ ಕೆಂಪಾಗಿ ಚರ್ಮ ಸುಲಿಯಿತು. ಪಾತ್ರೆ ಸೋಪಿನದು ಅಂದುಕೊಂಡು ಸೋಪು ಬದಲಿಸಿದೆ. ಕೊನೆಗೆ ಚರ್ಮದ ಡಾಕ್ಟರು ಎರಡು ಪ್ರಶ್ನೆಯಲ್ಲಿ ಹಿಡಿದರು. ಜೆಲ್ ಮನೆಯಲ್ಲೇ ಹಚ್ಚುತ್ತೀರಾ? ಚರ್ಮಕ್ಕೂ ತಾಗುತ್ತಾ? ತಾಗದೆ ಇರುತ್ತಾ, ಎಡಗೈಯಲ್ಲಿ ಬಲಗೈಗೆ ಹಚ್ಚುವವಳು ನಾನು.

ವಿಷಯ ಇಷ್ಟು. ಪೂರ್ತಿ ಗಟ್ಟಿಯಾದ ಜೆಲ್ ಅಷ್ಟು ತೊಂದರೆ ಕೊಡುವುದಿಲ್ಲ. ಗಟ್ಟಿಯಾಗದೆ ಉಳಿದದ್ದು ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಹುಟ್ಟಬಹುದು. ಜೆಲ್‌ನಲ್ಲಿರುವ ಹೆಮಾ ಅನ್ನುವ ಅಕ್ರಿಲೇಟ್ ಜಾತಿಯ ರಾಸಾಯನಿಕ ಇದಕ್ಕೆ ಕುಖ್ಯಾತ. ಒಂದು ಕಂಪನಿಯ ಜೆಲ್‌ಗೆ ಇನ್ನೊಂದರ ಲ್ಯಾಂಪ್ ಹಿಡಿದರೂ ಮೇಲೆ ಗಟ್ಟಿ, ಒಳಗೆ ಹಸಿ ಆಗಬಹುದು. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಹೋಗುವುದಿಲ್ಲ, ಜೀವನವಿಡೀ ಇರುತ್ತದೆ. ಅದೇ ಜಾತಿಯ ವಸ್ತುಗಳು ಹಲ್ಲಿನ ಸಿಮೆಂಟು ಫಿಲ್ಲಿಂಗ್‌ಗಳಲ್ಲೂ ಇರುವುದರಿಂದ ಮುಂದೆ ಹಲ್ಲಿನ ಡಾಕ್ಟರಿಗೂ ಹೇಳಬೇಕು ಅಂದರು. ಬಣ್ಣದ ಆಸೆಗೆ ಹಲ್ಲಿನವರೆಗೂ ಹೋಯಿತಲ್ಲ ಅಂತ ಕೂತುಬಿಟ್ಟೆ. ಜೆಲ್ ಬೇಗ ಗಟ್ಟಿಯಾಗಲು ಹಾಕುವ ಟಿಪಿಒ ಅನ್ನುವ ವಸ್ತುವನ್ನು ಯುರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ, ಅದು ಬೇರೆ ಕಾರಣಕ್ಕೆ. ಪಾರ್ಲರ್‌ನಲ್ಲಿ ಕೈ ಪಳಗಿದವರು ಚರ್ಮಕ್ಕೆ ತಾಗದಂತೆ ಹಚ್ಚುತ್ತಾರೆ, ಅವರ ಹತ್ತಿರ ಮಾಡಿಸಿಕೊಳ್ಳುವವರಿಗೆ ನನ್ನ ತಕರಾರಿಲ್ಲ. ಮನೆಯಲ್ಲಿ ಎಡಗೈಯಿಂದ ಮಾಡಿಕೊಳ್ಳುವ ಕೆಲಸ ಇದಲ್ಲ. ಆ ಕಿಟ್ ಈಗ ಅಟ್ಟದ ಮೇಲಿದೆ, ಯಾರಿಗೂ ಕೊಡಲೂ ಮನಸ್ಸಿಲ್ಲ.

ಅಕ್ರಿಲಿಕ್ ಉಗುರಿನ ಬಗ್ಗೆ ಹೆಚ್ಚು ಹೇಳಲಾರೆ, ಪುಡಿ ಮತ್ತು ದ್ರವ ಬೆರೆಸಿ ಉಗುರಿನ ಮೇಲೆ ಕಟ್ಟುವುದು. ಹಲ್ಲಿನ ಡಾಕ್ಟರುಗಳ ಸಾಮಾನಿನಿಂದ ಹುಟ್ಟಿದ ವಿದ್ಯೆ. ವಾಸನೆಗೇ ಅತ್ತಿ ಮನೆ ಬಿಟ್ಟು ಹೋಗುತ್ತಾರೆ.

ಪಕ್ಕದ ಮನೆಯ ಆಪಾ ಈ ಯಾವ ತಾಪತ್ರಯವೂ ಇಲ್ಲದವರು. ಅವರ ಉಗುರು ವರ್ಷವಿಡೀ ಕಿತ್ತಳೆ ಕೆಂಪು. ಮೆಹಂದಿ. "ನಮ್ಗ ವಜೂ ಆಗಬೇಕಲ್ಲವ್ವಾ, ಪಾಲಿಶ್ ಇದ್ರ ಉಗುರಿಗಿ ನೀರು ತಾಗಂಗಿಲ್ಲ" ಅಂತಾರೆ. ವಜೂ ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು. ನಮಾಜ್ ಇಲ್ಲದ ದಿನಗಳಲ್ಲಿ ಮಾತ್ರ ಪಾಲಿಶ್, ಅದೂ ಸಿಪ್ಪೆಯಂತೆ ಸುಲಿದು ಬರುವಂಥದ್ದು. ಮೆಹಂದಿಯ ಬಣ್ಣ ಪೊರೆಯಲ್ಲ. ಎಲೆಯಲ್ಲಿರುವ ಲಾಸೋನ್ ಅನ್ನುವ ಬಣ್ಣ ಉಗುರಿನಲ್ಲಿರುವ ಕೆರಾಟಿನ್ ಅನ್ನುವ ಪ್ರೋಟೀನ್‌ಗೇ ಹತ್ತಿಕೊಳ್ಳುತ್ತದೆ. ಅದಕ್ಕೇ ಚರ್ಮದ್ದು ವಾರ ಎರಡು ವಾರದಲ್ಲಿ ಮಾಸಿದರೂ ಉಗುರಿನದು ಬೆಳೆದು ಕತ್ತರಿಸಿ ಹೋಗುವವರೆಗೂ ಇರುತ್ತದೆ. ಸವಳು ನೀರಿಗೂ ಜಗ್ಗುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕೆಲಸದ ಕೈಗೆ ಇದಕ್ಕಿಂತ ಒಳ್ಳೆಯದಿಲ್ಲ. ಅರ್ಧ ತಾಸಿನಲ್ಲಿ ಕಪ್ಪಾಗುವ ಕರಿ ಮೆಹಂದಿ ಮಾತ್ರ ಬೇಡ, ಅದರಲ್ಲಿ ತಲೆಗೂದಲ ಬಣ್ಣದ ರಾಸಾಯನಿಕ ಇರುತ್ತದೆ, ಚರ್ಮ ಸುಟ್ಟ ಹಾಗಾಗಬಹುದು. ಆದರೆ ಮೆಹಂದಿಯಲ್ಲಿ ಬಣ್ಣ ಒಂದೇ. ನನಗೆ ಸೋಮವಾರ ಹಸಿರು, ಶುಕ್ರವಾರ ಬದನೆಕಾಯಿ ಬಣ್ಣ ಬೇಕು. ಅಲ್ಲೇ ನನ್ನ ಕರ್ಮ.

ಉಗುರಿನ ಮೇಲೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವ ಬಣ್ಣ ಯಾವುದು ಗೊತ್ತಾ? ನಮ್ಮ ಮೈಸೂರಿನದು. ವೋಟಿನ ಶಾಯಿ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ, 1962ರ ಚುನಾವಣೆಯಿಂದ ಅದೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಹಿಡಿದುಕೊಳ್ಳುತ್ತದೆ, ಯಾವ ರಿಮೂವರ್‌ಗೂ ಬಗ್ಗುವುದಿಲ್ಲ. 2024ರ ಮೇ 7ರಂದು ಇಲ್ಲಿ ಮತದಾನ. ಎಡಗೈ ತೋರುಬೆರಳಿನ ಆ ಗೆರೆಯನ್ನು ನಾನು ಅಳತೆಗೋಲು ಮಾಡಿಕೊಂಡೆ. ಉಗುರು ತಿಂಗಳಿಗೆ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ಬೆಳೆಯುತ್ತದೆ. ಶಾಯಿ ಬುಡ ಬಿಟ್ಟು ಮೇಲೆ ಮೇಲೆ ಹೋಯಿತು, ಪಂಚಮಿಗೆ ಅರ್ಧ, ದಸರಾ ಹೊತ್ತಿಗೆ ತುದಿಯಲ್ಲೊಂದು ಕಪ್ಪು ಚುಕ್ಕಿ. ಅಂದರೆ ಇವತ್ತು ಉಗುರನ್ನು ಕಿತ್ತು ಹಾಳು ಮಾಡಿಕೊಂಡರೆ ಹೊಸದು ಪೂರ್ತಿ ಬರಲು ಐದಾರು ತಿಂಗಳು. ಈ ಲೆಕ್ಕ ಕಣ್ಣಾರೆ ನೋಡಿದ ಮೇಲೆ ಯಾವುದನ್ನೂ ಎಳೆದು ಕೀಳುವುದು ಬಿಟ್ಟೆ.

ಕೊನೆಗೆ ನಾನು ಬಂದು ನಿಂತದ್ದು ಈ ಅಂಟಿಸುವ ಉಗುರಿಗೆ. ಸೂಪರ್ ಮಾರ್ಕೆಟ್‌ನ ಫ್ಯಾನ್ಸಿ ಅಂಗಡಿಗಳಲ್ಲೇ ಸಿಗುತ್ತದೆ, ಇಪ್ಪತ್ನಾಲ್ಕು ಉಗುರಿನ ಡಬ್ಬಿ. ನಂಬರ್ ಇರುತ್ತದೆ. ಮೊದಲು ಹತ್ತೂ ಬೆರಳಿಗೆ ಅಂಟು ಇಲ್ಲದೆ ಇಟ್ಟು ನೋಡಿ, ಸಾಲಾಗಿ ಜೋಡಿಸಿಕೊಳ್ಳಬೇಕು. ಎರಡು ಅಳತೆಯ ನಡುವೆ ಸಿಕ್ಕಿದರೆ ಸಣ್ಣದು ತೆಗೆದುಕೊಂಡು ಚರ್ಮ ಎಳೆಯುವುದಲ್ಲ, ದೊಡ್ಡದು ತೆಗೆದುಕೊಂಡು ಪಕ್ಕ ಉಜ್ಜುವುದು. ಉದ್ದವನ್ನೂ ನಾನು ಕತ್ತರಿಸಿಬಿಡುತ್ತೇನೆ, ಬೆರಳ ತುದಿಯಿಂದ ಗೋಧಿ ಕಾಳಿನಷ್ಟು ಮುಂದೆ, ಸಾಕು. ಸ್ವಂತ ಉಗುರಿನ ಎಣ್ಣೆ ಜಿಡ್ಡು ಸ್ಪಿರಿಟ್‌ನಿಂದ ಒರೆಸಬೇಕು. ಇದನ್ನು ಬಿಟ್ಟರೆ ಎಷ್ಟು ಒಳ್ಳೆಯ ಅಂಟಾದರೂ ನಿಲ್ಲದು.

ಅಂಟು ಎರಡು ಥರ. ಜೆಲ್ಲಿಯಂಥ ಎರಡು ಬದಿ ಅಂಟುವ ಸ್ಟಿಕರ್, ಒಂದೆರಡು ದಿನ ಇರುತ್ತದೆ, ಬಿಸಿ ನೀರಿಗೆ ಸಡಿಲ. ಇನ್ನೊಂದು ಗಮ್, ಅದು ಸೈನೋಅಕ್ರಿಲೇಟ್, ಮುರಿದ ಬಕೆಟ್ ಅಂಟಿಸುವ ಆ ತ್ವರಿತ ಅಂಟಿನ ಅಣ್ಣತಮ್ಮ. ವಾರ ಇರುತ್ತದೆ. ಮೊದಲ ಸಲ ಗಮ್ ಜಾಸ್ತಿ ಸುರಿದು ಬೆರಳ ಮೇಲೆ ಹರಿಯಿತು, ಪಕ್ಕದಲ್ಲಿದ್ದ ಅರಳೆ ತೆಗೆದು ಒರೆಸಿದೆ. ಅರಳೆ ಬಿಸಿಯಾಗಿ ಹೊಗೆ ಬಂತು! ನನಗೆ ದೆವ್ವ ಹಿಡಿದ ಹಾಗಾಯಿತು. ಆ ಅಂಟು ಹತ್ತಿಗೆ ತಾಗಿದರೆ ಒಮ್ಮೆಲೇ ಗಟ್ಟಿಯಾಗುತ್ತಾ ಶಾಖ ಬಿಡುತ್ತದೆ, ಚರ್ಮ ಸುಡುವಷ್ಟು. ಹತ್ತಿ ಸೀರೆ, ಹತ್ತಿ ನೈಟಿ ಉಟ್ಟು ತೊಡೆಯ ಮೇಲೆ ಕೈ ಇಟ್ಟುಕೊಂಡು ಗಮ್ ಹಚ್ಚಬೇಡಿ. ಕೆಳಗೊಂದು ಸ್ಟೀಲ್ ತಾಟು ಇಟ್ಟುಕೊಳ್ಳಿ.

ತೆಗೆಯುವಾಗ ಅವಸರ ಬೇಡ. ಬೆಚ್ಚನೆ ಸೋಪು ನೀರಿಗೆ ನಾಲ್ಕು ಹನಿ ಎಣ್ಣೆ ಹಾಕಿ ಕಾಲು ತಾಸು ಕೈ ಅದ್ದಿ ಕೂತರೆ ಸ್ಟಿಕರಿನದು ತಾನೇ ಬರುತ್ತದೆ. ಗಮ್ಮಿನದು ಬಗ್ಗದಿದ್ದರೆ ಅಸಿಟೋನ್ ಇರುವ ರಿಮೂವರ್. ಅದು ಪ್ಲಾಸ್ಟಿಕ್ ಉಗುರನ್ನೂ ಕರಗಿಸುತ್ತದೆ, ಮತ್ತೆ ಬಳಸಲು ಬರುವುದಿಲ್ಲ. ಒಂದು ಬದಿ ಎದ್ದ ಉಗುರನ್ನು ಮತ್ತೆ ಒತ್ತಿ ಅಂಟಿಸಿಕೊಂಡು ತಿರುಗುವವರು ಇದ್ದಾರೆ, ನಾನೂ ಇದ್ದೆ. ಒಳಗೆ ನೀರು ನಿಂತರೆ ಒಂದು ಥರದ ಬ್ಯಾಕ್ಟೀರಿಯಾ ಬೆಳೆದು ಸ್ವಂತ ಉಗುರು ಹಸಿರಾಗುತ್ತದೆ. ಪಾಚಿ ಹಸಿರು. ತಂಗಿಗೆ ಆಗಿತ್ತು, ಅವಳು ಬಣ್ಣ ಇಳಿದಿದೆ ಅಂದುಕೊಂಡು ಅದರ ಮೇಲೆ ಮತ್ತೊಂದು ಅಂಟಿಸಿದಳು.

ಇದನ್ನೆಲ್ಲ ತಿಳಿದವಳು ಅವತ್ತು ಸಜ್ಜೆ ಹಿಟ್ಟಿಗೆ ಕೈ ಹಾಕುವ ಮೊದಲು ಯಾಕೆ ತೆಗೆಯಲಿಲ್ಲ ಅಂತ ಕೇಳಬೇಡಿ. ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ. ಸ್ಟಿಕರ್ ಹಾಕಿದ್ದು, ಎಸರಿನ ಬಿಸಿಗೆ ಸಡಿಲಾಗಿ ಎಲ್ಲೋ ಜಾರಿದೆ. ಈಗ ನಿಯಮ ಮಾಡಿಕೊಂಡಿದ್ದೇನೆ, ಶನಿವಾರ ರಾತ್ರಿ ಹಾಕಿಕೊಂಡರೆ ಭಾನುವಾರ ಮನೆಯವರು ಅಡಿಗೆ, ಸೋಮವಾರ ಬೆಳಗ್ಗೆ ಹಿಟ್ಟಿಗೆ ಮೊದಲು ಬಿಚ್ಚಿ ಡಬ್ಬಿಗೆ. ಭಾನುವಾರ ರೊಟ್ಟಿ ಇಲ್ಲ, ಅನ್ನ ಸಾರು. ಅತ್ತಿಯವರಿಗೆ ಇದು ಇಷ್ಟವಿಲ್ಲ, ಮಾವನವರಿಗೆ ಅದಕ್ಕಿಂತ ಇಷ್ಟವಿಲ್ಲ. ನಡೆಯುತ್ತಿದೆ.

ಬರುವ ವಾರ ಬೀದರಿನಲ್ಲಿ ಮಾವಶಿಯ ಮಗನ ಮದುವೆ. ಅದೇ ಕೆಂಪು ಡಬ್ಬಿ ತೆಗೆದೆ. ಬಲ ಉಂಗುರದ ಬೆರಳಿನ ನಾಲ್ಕನೇ ನಂಬರ್ ಇಲ್ಲ, ಅದರ ಜೋಡಿಯೂ ಮೊದಲೇ ಮುರಿದಿತ್ತು. ಮೂರನೆಯದು ದೊಡ್ಡದು. ಅದನ್ನೇ ಹಿಡಿದು ಎರಡೂ ಪಕ್ಕ ಉಜ್ಜುತ್ತಾ ವರಾಂಡದಲ್ಲಿ ಕೂತಿದ್ದೆ. ಅತ್ತಿ ತೊಗರಿ ಬೇಳೆ ಆರಿಸುತ್ತಾ ಎದುರಿಗಿದ್ದರು. ಮೊರದಲ್ಲಿ ಏನೋ ಕೆಂಪಗೆ ಹೊಳೆದ ಹಾಗಾಗಿ ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು.

ಕಲ್ಲು.